ಎಸ್‌ಎಫ್-86ರಲ್ಲಿ 'ಇಲ್ಲ' ಅಂತ ಬರೆಯುವ ಮುಂಚೆ

ಅಮೆರಿಕದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಯಲ್ಲಿ ಕೆಲಸ ಸಿಕ್ಕಿತು ಅಂದರೆ, ಹಿಂದೆಯೇ ಸೆಕ್ಯುರಿಟಿ ಕ್ಲಿಯರೆನ್ಸ್‌ಗಾಗಿ, ಅಂದರೆ ಸರ್ಕಾರದ ಗುಪ್ತ ಮಾಹಿತಿ ನೋಡುವ ಅನುಮತಿಗಾಗಿ, ಹಿನ್ನೆಲೆಯ ವಿವರ ಕೇಳುವ ಎಸ್‌ಎಫ್-86 ಫಾರಂ ಬರುತ್ತದೆ. 23ನೇ ಭಾಗ ಮಾದಕ ವಸ್ತುಗಳದ್ದು. ಅಲ್ಲಿಗೆ ಬಂದಾಗ ಎಷ್ಟೋ ಮನೆಗಳಲ್ಲಿ ಒಂದೇ ಮಾತು: "ಕಾಲೇಜಲ್ಲಿ ಯಾವಾಗಲೋ ಸೇದಿದ್ದು, ಯಾರಿಗೆ ಗೊತ್ತಾಗುತ್ತೆ? ಸುಮ್ನೆ ಇಲ್ಲ ಅಂತ ಹಾಕಿಬಿಡು."

ಈ ಕೇಸುಗಳನ್ನೇ ನಡೆಸುವ ವಕೀಲೆಯಾಗಿ ಕೇಳಿಕೊಳ್ಳುತ್ತೇನೆ, ದಯವಿಟ್ಟು ಮಕ್ಕಳಿಗೆ ಈ ಬುದ್ಧಿ ಹೇಳಬೇಡಿ.

ಫಾರಂ ಮುಖ್ಯವಾಗಿ ಕೇಳುವುದು ಹಿಂದಿನ 7 ವರ್ಷದ ವಿಷಯ. ಗಾಂಜಾವನ್ನು ರಾಜ್ಯ ಒಪ್ಪಿದ್ದರೂ ಇಲ್ಲಿ ಲೆಕ್ಕ ಫೆಡರಲ್ (ಕೇಂದ್ರ) ಕಾನೂನಿನದ್ದೇ. ಕೊಲರಾಡೊದ ಅಂಗಡಿಯಲ್ಲಿ ರಸೀದಿ ಸಮೇತ ಕೊಂಡ ಗಾಂಜಾ ಗಮ್ಮಿಯನ್ನೂ (ಜೆಲ್ಲಿ ಮಿಠಾಯಿ) ಬರೆಯಬೇಕು. ಮಾತ್ರೆಗಳನ್ನಂತೂ ಜಾಸ್ತಿ ಜನ ಮರೆಯುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ರೂಮ್‌ಮೇಟ್ ಕೊಟ್ಟ ಆಡರಾಲ್ (ಗಮನ ಕೊರತೆಯ ತೊಂದರೆಗೆ ಕೊಡುವ ಮಾತ್ರೆ) ಅನ್ನು ಡಾಕ್ಟರ್ ಬರೆದುಕೊಟ್ಟಿದ್ದು ಅವನಿಗೆ, ನಿಮಗಲ್ಲ ಅಲ್ವಾ? ಅದನ್ನೂ ಹೇಳಬೇಕು. ಈ ಭಾಗದಲ್ಲಿ ಕೊಟ್ಟ ನಿಜವಾದ ಉತ್ತರವನ್ನು ಕ್ರಿಮಿನಲ್ ಕೇಸಿನಲ್ಲಿ ನಿಮ್ಮ ವಿರುದ್ಧ ಸಾಕ್ಷಿಯಾಗಿ ಬಳಸುವುದಿಲ್ಲ ಅಂತ ಫಾರಂನಲ್ಲೇ ಇದೆ.

ಹಳೆಯ ಗಾಂಜಾ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಕ್ಲಿಯರೆನ್ಸ್ ಕೊಡಬಹುದಾ ಅಂತ ತೀರ್ಮಾನಿಸಲು 2017ರಿಂದ ಜಾರಿಯಲ್ಲಿರುವ 13 ಮಾನದಂಡಗಳಲ್ಲಿ ಮಾದಕ ವಸ್ತುವಿನದ್ದು 'ಎಚ್'. ಬಿಟ್ಟು ಎಷ್ಟು ಕಾಲವಾಯಿತು, ಎಷ್ಟು ಸಲ, ಆ ಸಹವಾಸ ಬಿಟ್ಟಿದ್ದಾರಾ ಅಂತ ನೋಡುತ್ತಾರೆ. ಮುಂದೆ ಮುಟ್ಟುವುದಿಲ್ಲ ಎಂಬ ಸಹಿ ಮಾಡಿದ ಹೇಳಿಕೆಗೂ ಬೆಲೆಯಿದೆ. ಈಗಲೂ ಬಳಸುತ್ತಿದ್ದರೆ ಮಾತ್ರ ಕಾನೂನೇ ಅಡ್ಡ ಬರುತ್ತದೆ.

ಸುಳ್ಳು ಬರುವುದು ವೈಯಕ್ತಿಕ ನಡತೆಯನ್ನು ನೋಡುವ 'ಇ' ಮಾನದಂಡದಡಿ, ಅದು ಅಷ್ಟು ಸುಲಭಕ್ಕೆ ಹಳತಾಗುವುದಿಲ್ಲ. ಇಂಟರ್ನ್‌ಶಿಪ್‌ನ ಫಾರಂನಲ್ಲಿ 'ಇಲ್ಲ' ಅಂದ ಹುಡುಗ, ಕೆಲವು ವರ್ಷಗಳ ನಂತರ ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ) ಇದೆ ಅಂತ ಹೆದರಿ 'ಹೌದು' ಅನ್ನುತ್ತಾನೆ. ಎರಡೂ ಫಾರಂ ಅಕ್ಕಪಕ್ಕ ಮೇಜಿನ ಮೇಲೆ ಬರುತ್ತವೆ. ಆಗ ಗಾಂಜಾ ಹಿಂದಕ್ಕೆ ಸರಿಯುತ್ತದೆ. ಇವನ ಯಾವ ಮಾತನ್ನು ನಂಬುವುದು ಅನ್ನುವುದೇ ಪ್ರಶ್ನೆ. ಅನುಮಾನ ಉಳಿದರೆ ದೇಶದ ಭದ್ರತೆಯ ಪರವಾಗಿ ತೀರ್ಮಾನಿಸಬೇಕು ಅಂತ ನಿಯಮವೇ ಹೇಳುತ್ತದೆ. ಬೇಕಂತಲೇ ಸುಳ್ಳು ಬರೆದರೆ 5 ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

ಆಗಲೇ ಸುಳ್ಳು ಬರೆದಾಗಿದ್ದರೆ? ತನಿಖಾಧಿಕಾರಿ ಕೆದಕುವ ಮುಂಚೆ ನೀವೇ ಬಾಯಿಬಿಡಿ. ತಾನಾಗಿ, ತಡಮಾಡದೆ ತಿದ್ದಿಕೊಂಡರೆ ನಿಯಮದಲ್ಲಿ ಅದಕ್ಕೆ ರಿಯಾಯಿತಿ ಇದೆ. ಹಳೆಯ ರೂಮ್‌ಮೇಟ್ ಹೇಳಿದ್ದನ್ನು ಅಧಿಕಾರಿ ನಿಮ್ಮ ಮುಂದೆ ಓದಿದ ಮೇಲೆ ಒಪ್ಪಿಕೊಂಡರೆ ಆ ರಿಯಾಯಿತಿ ಕೈತಪ್ಪುತ್ತದೆ. ನಿಜವಾಗಿಯೂ ಮರೆತಿದ್ದರೆ ಅದು ಸುಳ್ಳಲ್ಲ. ತಿಂಗಳು ನೆನಪಿಲ್ಲವೇ? 'ಅಂದಾಜು' ಎಂಬ ಚೌಕಕ್ಕೆ ಟಿಕ್ ಹಾಕಿ.

ಕ್ಲಿಯರೆನ್ಸ್ ಯಾಕೆ ಕೊಡಬಾರದು ಅಂತ ಕಾರಣ ಪಟ್ಟಿ ಮಾಡಿದ ಪತ್ರ ಬಂದರೆ, ಗುತ್ತಿಗೆ ಕಂಪನಿಯ ನೌಕರರಿಗೆ ಉತ್ತರ ಕೊಡಲು ಸಿಗುವುದು ಸಾಮಾನ್ಯವಾಗಿ 20 ದಿನ. ಒಂದೊಂದು ಆರೋಪಕ್ಕೂ 'ಒಪ್ಪುತ್ತೇನೆ' ಅಥವಾ 'ಒಪ್ಪುವುದಿಲ್ಲ' ಅಂತ ಬೇರೆಬೇರೆಯಾಗಿ ಬರೆಯಬೇಕು. ಪತ್ರ ಕೈಗೆ ಬಂದ ದಿನವೇ ವಕೀಲರಿಗೆ ತೋರಿಸಿ.