ಒಂದು ಬಕೆಟ್ ಬಿಸಿನೀರಿಗೆ ಎಷ್ಟು ಜೋಗ?

ಮನೆಯಲ್ಲಿ ಕರೆಂಟ್ ಬಿಲ್ಲಿನ ಮಾತು ಬಂದರೆ ಬೈಗುಳ ಬೀಳುವುದು ಮಕ್ಕಳ ಮೊಬೈಲ್ ಚಾರ್ಜರಿಗೆ, ಇಲ್ಲವೇ ಆರಿಸದೆ ಬಿಟ್ಟ ಜಗಲಿಯ ದೀಪಕ್ಕೆ. ಬಚ್ಚಲುಮನೆಯ ಗೋಡೆ ಮೇಲೆ ತಣ್ಣಗೆ ಕೂತಿರುವ ಗೀಸರನ್ನು ಯಾರೂ ಏನೂ ಅನ್ನುವುದಿಲ್ಲ. 15 ಲೀಟರಿನ ಗೀಸರ್ ಚಳಿಗಾಲದ ಬೆಳಿಗ್ಗೆ 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 0.7 ಯೂನಿಟ್ ನುಂಗುತ್ತದೆ. ಪೂರ್ತಿ ಖಾಲಿಯಾದ ಸ್ಮಾರ್ಟ್‌ಫೋನ್ ತುಂಬಲು, ಚಾರ್ಜರಿನಲ್ಲಿ ಪೋಲಾಗುವುದೂ ಸೇರಿ, 0.025 ಯೂನಿಟ್ ಆಸುಪಾಸು ಸಾಕು. ಗೀಸರ್ ಒಂದು ಸಲ ಕಾದ ಕರೆಂಟಿನಲ್ಲಿ ಒಂದು ಫೋನಿಗೆ ಹೆಚ್ಚುಕಡಿಮೆ ತಿಂಗಳಿಡೀ ಚಾರ್ಜ್ ಹಾಕಬಹುದು. 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಮೂರು ಹಗಲು ಮೂರು ರಾತ್ರಿ ಉರಿಸಬಹುದು.

ಹಿರಿಯರು ದೀಪಕ್ಕೆ ಬೈಯುತ್ತಿದ್ದುದರಲ್ಲಿ ಅರ್ಥವಿತ್ತು ಅನ್ನಿ. ಹಳೆಯ ಬುರುಡೆ ಬಲ್ಬಿಗೆ ಹೋದ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಶಾಖವಾಗಿಯೇ ಹೋಗುತ್ತಿತ್ತು, ಬೆಳಕು ಸಿಗುತ್ತಿದ್ದುದು ಚೂರುಪಾರು. ಬಲ್ಬು ಬದಲಾಯಿತು, ಬೈಗುಳ ಬದಲಾಗಲಿಲ್ಲ.

ಬೆಳಕಿಗೆ, ಸದ್ದಿಗೆ, ಫೋನಿನ ಲೆಕ್ಕಾಚಾರಕ್ಕೆಲ್ಲ ಇಷ್ಟು ಕಡಿಮೆ ಸಾಕಾದರೆ ನೀರು ಕಾಯಲು ಮಾತ್ರ ಅಷ್ಟೊಂದು ಯಾಕೆ? ಎಷ್ಟು ಕೆಲಸಕ್ಕೆ ಎಷ್ಟು ಬಿಸಿ ಎಂಬ ಲೆಕ್ಕದ ಹಿಂದೆ ಬಿದ್ದವನು ಇಂಗ್ಲೆಂಡಿನ ಒಬ್ಬ ಬಿಯರ್ ಕಾರ್ಖಾನೆ ಮಾಲೀಕನ ಮಗ, ಜೇಮ್ಸ್ ಜೂಲ್. 1840ರ ದಶಕದಲ್ಲಿ ಅವನು ಹಗ್ಗಕ್ಕೆ ತೂಕ ಕಟ್ಟಿ ಇಳಿಬಿಟ್ಟು, ಅದು ಕೆಳಗಿಳಿಯುವ ಬಲದಿಂದ ಪಾತ್ರೆಯೊಳಗಿನ ರೆಕ್ಕೆಗಳು ನೀರನ್ನು ಕಡೆಯುವಂತೆ ಮಾಡಿದ. ಕಡೆದು ಕಡೆದು ನೀರು ಎಷ್ಟು ಬಿಸಿಯಾಯಿತೆಂದು ಅಳೆದ. 1847ರಲ್ಲಿ ಮದುವೆಯಾಗಿ ಆಲ್ಪ್ಸ್ ಕಡೆ ಮಧುಚಂದ್ರಕ್ಕೆ ಹೋದಾಗಲೂ ಕೈಯಲ್ಲಿ ಥರ್ಮಾಮೀಟರ್ ಇತ್ತು, ಜಲಪಾತದ ಮೇಲಿನ ನೀರಿಗಿಂತ ಕೆಳಗಿನ ನೀರು ಎಷ್ಟು ಬೆಚ್ಚಗಿದೆ ಎಂದು ನೋಡುವ ಹುಮ್ಮಸ್ಸು ಇತ್ತು ಎಂದು ಅವನ ಸ್ನೇಹಿತ, ವಿಜ್ಞಾನಿ ಲಾರ್ಡ್ ಕೆಲ್ವಿನ್ ಹೇಳಿದ್ದಾರೆ. ಕಥೆಗೆ ಒಂದಿಷ್ಟು ಉಪ್ಪುಖಾರ ಬಿದ್ದಿರಬಹುದು. ಆ ಹೆಂಡತಿಯ ಕಡೆಯ ಕಥೆ ಕೇಳಿದವರಿಲ್ಲ.

ಜೂಲ್‌ನ ಲೆಕ್ಕವನ್ನು ನಮ್ಮ ಜೋಗಕ್ಕೇ ಹಾಕೋಣ. 253 ಮೀಟರ್ ಎತ್ತರದಿಂದ ಬಿದ್ದ ಶರಾವತಿಯ ನೀರು, ಬಿದ್ದ ಶಕ್ತಿಯಷ್ಟೂ ಶಾಖವಾಯಿತು ಎಂದುಕೊಂಡರೂ, ಬೆಚ್ಚಗಾಗುವುದು 0.6 ಡಿಗ್ರಿಯಷ್ಟು ಮಾತ್ರ! ಅಷ್ಟು ಭೋರ್ಗರೆತ, ಅಷ್ಟು ತುಂತುರು, ಕೈಯಿಟ್ಟರೆ ಗೊತ್ತೂ ಆಗದಷ್ಟು ಬಿಸಿ. ಈಗ ಇದನ್ನೇ ತಿರುಗಿಸಿ ನೋಡಿ. 20 ಡಿಗ್ರಿಯ ನೀರು ಸ್ನಾನಕ್ಕೆ ಹದವಾಗಿ 40 ಡಿಗ್ರಿ ಆಗಬೇಕಾದರೆ ಒಂದರ ಮೇಲೊಂದರಂತೆ 34 ಜೋಗಗಳಿಂದ ಬೀಳಬೇಕು. ಎತ್ತರ ಎಂಟೂವರೆ ಕಿಲೋಮೀಟರ್, ಎವರೆಸ್ಟಿನ ನೆತ್ತಿಗೆ ಇನ್ನೇನು ಸ್ವಲ್ಪ ಕಡಿಮೆ. ಇನ್ನೊಂದು ರೀತಿ ಹೇಳುವುದಾದರೆ, 20 ಲೀಟರಿನ ಒಂದು ಬಕೆಟ್ ಬಿಸಿನೀರಿಗಾಗಿ 675 ಲೀಟರ್ ನೀರು ಜೋಗದಷ್ಟು ಎತ್ತರದಿಂದ ಧುಮುಕಬೇಕು. ಟರ್ಬೈನಿನಲ್ಲಿ, ತಂತಿಯಲ್ಲಿ ಆಗುವ ನಷ್ಟ ಇನ್ನೂ ಸೇರಿಸಿಲ್ಲ.

ಈ ಬಕೆಟ್ಟಿಗೆ 0.47 ಯೂನಿಟ್. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರ್ ಕೆಳಗೆ 10 ನಿಮಿಷ ಹಾಡುತ್ತಾ ನಿಂತರೆ 80 ಲೀಟರ್. ಒಬ್ಬರ ಶವರಿನಲ್ಲಿ ನಾಲ್ವರ ಬಕೆಟ್ ಸ್ನಾನ ಮುಗಿಯುತ್ತದೆ. ದಿನಾ ಹೀಗೆ ನಿಂತರೆ ತಿಂಗಳಿಗೆ 56 ಯೂನಿಟ್, ಅದೂ ಒಬ್ಬರದ್ದೇ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಎಂಬುದನ್ನು ನೆನೆದರೆ ಈ 56 ಸಣ್ಣದಲ್ಲ. ಗೀಸರಿನ ತಿರುಪನ್ನು ಕೊನೆಯವರೆಗೆ ತಿರುಗಿಸಿ, ಕುದಿಯುವಷ್ಟು ಕಾಯಿಸಿ, ಆಮೇಲೆ ತಣ್ಣೀರು ಬೆರೆಸುವವರೂ ಉಂಟು. ಒಂದೇ ಬಕೆಟ್ ಬೇಕಿದ್ದಾಗ ಅದು ದಂಡ, ಗೀಸರಿನಲ್ಲಿ ಉಳಿದ ಬಿಸಿ ಮೆಲ್ಲಮೆಲ್ಲಗೆ ಗೋಡೆಗೂ ಗಾಳಿಗೂ ಸೇರಿಹೋಗುತ್ತದೆ. 2 ಕಿಲೋವ್ಯಾಟಿನ ಗೀಸರಿಗೆ 15 ಲೀಟರನ್ನು 45 ಡಿಗ್ರಿಗೆ ತರಲು 13 ನಿಮಿಷ ಸಾಕು. ಎದ್ದ ತಕ್ಷಣ ಸ್ವಿಚ್ ಹಾಕಿ ಕಾಫಿ, ಪೇಪರು, ಇನ್ನೊಂದು ಕಾಫಿ ಮುಗಿಸಿ ಬರುವ ಅಗತ್ಯವಿಲ್ಲ.

ಅಡುಗೆಮನೆಯಲ್ಲೂ ಇದೇ ಕಥೆ, ಅಲ್ಲಿ ಸುಡುವುದು ಗ್ಯಾಸ್. ನೀರು ಒಮ್ಮೆ ಕುದಿ ಹತ್ತಿದ ಮೇಲೆ ಉರಿ ಎಷ್ಟು ದೊಡ್ಡದು ಮಾಡಿದರೂ ಅದರ ಬಿಸಿ ಏರುವುದಿಲ್ಲ. ಬೆಂಗಳೂರಿನ ಎತ್ತರದಲ್ಲಿ ಅದು 97 ಡಿಗ್ರಿಯ ಹತ್ತಿರವೇ ನಿಂತುಬಿಡುತ್ತದೆ. ಹೆಚ್ಚಿಸಿದ ಉರಿಯೆಲ್ಲ ನೀರನ್ನು ಹಬೆ ಮಾಡಿ ಕಿಟಕಿಯಾಚೆ ಕಳಿಸುವುದಕ್ಕೇ ಖರ್ಚು. ಆ ಕೆಲಸ ಬಲು ದುಬಾರಿ: ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಬೇಕಾದ ಶಕ್ತಿಯ ಸುಮಾರು ಏಳು ಪಟ್ಟು ಅದನ್ನು ಹಬೆಯಾಗಿಸಲು ಬೇಕು. ತಟ್ಟೆ ಮುಚ್ಚಿ, ಉರಿ ಸಿಮ್‌ಗೆ ಇಳಿಸಿದರೆ ಹುರುಳಿ ಅಷ್ಟೇ ಹೊತ್ತಿನಲ್ಲಿ ಬೇಯುತ್ತದೆ. ಬಿಸಿ ಇನ್ನೂ ಏರಬೇಕಾದರೆ ಹಬೆಯನ್ನು ಕಟ್ಟಿಹಾಕಬೇಕು. 1679ರಲ್ಲಿ ಡೆನಿ ಪಪೆಂ ಎಂಬ ಫ್ರೆಂಚ್ ವಿಜ್ಞಾನಿ ಮೂಳೆಗಳನ್ನು ಮೆತ್ತಗಾಗಿಸುವ ಭದ್ರ ಮುಚ್ಚಳದ ಪಾತ್ರೆ ಮಾಡಿದ್ದು ಇದೇ ಉಪಾಯದಿಂದ. ನಮ್ಮ ಕುಕ್ಕರಿನೊಳಗೆ 120 ಡಿಗ್ರಿಯವರೆಗೂ ಏರುತ್ತದೆ. ಮೊದಲ ಸೀಟಿ ಬಂದ ಮೇಲೆ ಉರಿ ತಗ್ಗಿಸಬೇಕು. ಆಮೇಲಿನ ಒಂದೊಂದು ಸೀಟಿಯೂ ಒಳಗೆ ಹಿಡಿಯಲಾರದ ಹಬೆ ತಪ್ಪಿಸಿಕೊಂಡ ಸದ್ದು. ಐದು ಸೀಟಿ, ಆರು ಸೀಟಿ ಎಂದು ಎಣಿಸುವುದಕ್ಕಿಂತ ಗಡಿಯಾರ ನೋಡುವುದು ಮೇಲು.

ನನಗೆ ಸಿಟ್ಟು ಬರುವುದು ಜಾತ್ರೆಯಲ್ಲೂ ಆನ್‌ಲೈನಿನಲ್ಲೂ ಮಾರುವ ‘ಪವರ್ ಸೇವರ್’ ಡಬ್ಬಿ ಕಂಡಾಗ. ಸಾಕೆಟ್ಟಿಗೆ ಚುಚ್ಚಿದರೆ ಬಿಲ್ ಅರ್ಧಕ್ಕರ್ಧ ಇಳಿಯುತ್ತದಂತೆ. ನಿಂಬೆಹಣ್ಣು ಮಂತ್ರಿಸಿ ಬಾಗಿಲಿಗೆ ಕಟ್ಟಿದ ಹಾಗೆ. ಸ್ಕ್ರೂ ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಒಳಗಿರುವುದು ಹೆಬ್ಬೆರಳಷ್ಟು ದೊಡ್ಡ ಒಂದು ಕೆಪಾಸಿಟರ್, ಒಂದೆರಡು ರೆಸಿಸ್ಟರ್, ಒಂದು ಹಸಿರು ಎಲ್‌ಇಡಿ. ದೊಡ್ಡ ಮೋಟರುಗಳಿರುವ ಕಾರ್ಖಾನೆಗಳಲ್ಲಿ ಪವರ್ ಫ್ಯಾಕ್ಟರ್ (ಎಳೆದುಕೊಂಡ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸರಿಪಡಿಸಲು ಕೆಪಾಸಿಟರ್ ಹಾಕುವುದುಂಟು, ಅಲ್ಲಿ ಅದಕ್ಕೆ ಬಿಲ್ಲಿನಲ್ಲೂ ಬೆಲೆ ಇದೆ. ಮನೆಯ ಬಿಲ್ ಲೆಕ್ಕವಾಗುವುದು ನಿಜವಾಗಿ ಬಳಕೆಯಾದ ಯೂನಿಟ್ಟಿಗೆ. ಗೀಸರ್ ತಿನ್ನುವ ಎರಡು ಕಿಲೋವ್ಯಾಟನ್ನು ಆ ಡಬ್ಬಿ ಕೂದಲೆಳೆಯಷ್ಟೂ ಕಡಿಮೆ ಮಾಡಲಾರದು. ಅದರ ಹಸಿರು ದೀಪ ಉರಿಯುವ ಕರೆಂಟೂ ನಿಮ್ಮ ಮೀಟರಿನಿಂದಲೇ ಹೋಗುತ್ತದೆ.