ಕನ್ನಡ ಪೋಸ್ಟಿನಲ್ಲಿ ಲಿಂಕ್ ಜಾರುವುದೇಕೆ?

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ದಿನಾ ಬೆಳಗ್ಗೆ ಬ್ಲೂಸ್ಕೈ ಎಂಬ ಸಾಮಾಜಿಕ ಜಾಲತಾಣಕ್ಕೆ ಹಾಕುವ ಪ್ರೋಗ್ರಾಂ ಇರಲಿ, ಮೈಸೂರು ದಸರಾ ಕಾರ್ಯಕ್ರಮಗಳ ಪಟ್ಟಿ ಹಾಕುವುದಿರಲಿ, ತಪ್ಪುವುದು ಒಂದೇ ಜಾಗದಲ್ಲಿ. ಇಂಗ್ಲಿಷ್ ಸಾಲು ಕೊಟ್ಟು ಪರೀಕ್ಷಿಸಿದಾಗ ಲಿಂಕ್ ಸರಿಯಾಗಿಯೇ ಕೂರುತ್ತದೆ. ಕಟ್ಟೆ 124.80 ಅಡಿ ಮುಟ್ಟಿ ಜನ ಮುಗಿಬಿದ್ದು ಓದುವ ದಿನ, ಕನ್ನಡ ಸಾಲಿನಲ್ಲಿ ನೀಲಿ ಬಣ್ಣ ವಿಳಾಸವನ್ನು ಬಿಟ್ಟು ಹಿಂದಿನ ಪದಕ್ಕೆ ಮೆತ್ತಿಕೊಳ್ಳುತ್ತದೆ. ‘ಇದಕ್ಕೆ ಕನ್ನಡ ಬರಲ್ಲ ಸಾರ್’ ಎಂಬ ತೀರ್ಪೂ ಕೂಡಲೇ ಬರುತ್ತದೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ತಪ್ಪಿರುವುದು ನಿಮ್ಮ ಎಣಿಕೆ.

ಬ್ಲೂಸ್ಕೈಯಲ್ಲಿ ಪೋಸ್ಟಿನ ಪಠ್ಯ ಬೇರೆ, ಲಿಂಕಿನ ಮಾಹಿತಿ ಬೇರೆ. ಎಲ್ಲಿಂದ ಎಲ್ಲಿಯವರೆಗೆ ಲಿಂಕ್, ಅದು ಯಾವ ವಿಳಾಸಕ್ಕೆ ಹೋಗಬೇಕು ಎಂಬುದನ್ನು ಫ್ಯಾಸೆಟ್ ಎಂಬ ಹೆಸರಿನಲ್ಲಿ ಕೊಡಬೇಕು. ಈ ‘ಎಲ್ಲಿಂದ ಎಲ್ಲಿಯವರೆಗೆ’ ಯುಟಿಎಫ್-8 ಬೈಟ್ ಲೆಕ್ಕ, ಅಂದರೆ ಅಕ್ಷರಗಳನ್ನಲ್ಲ, ಅವು ಹಿಡಿಯುವ ಬೈಟುಗಳನ್ನು ಎಣಿಸುವುದು. ಪದ ಎಷ್ಟನೇ ಜಾಗದಲ್ಲಿದೆ ಎಂದು ಹೇಳುವ ಜಾವಾಸ್ಕ್ರಿಪ್ಟಿನ ಇಂಡೆಕ್ಸ್‌ಆಫ್ ಕೊಡುವುದು ಯುಟಿಎಫ್-16 ಎಂಬ ಬೇರೊಂದು ಲೆಕ್ಕ. ಇಂಗ್ಲಿಷ್ ಅಕ್ಷರಕ್ಕೆ ಎರಡೂ ಒಂದೇ ಆದ್ದರಿಂದ ತಪ್ಪು ಅಡಗಿರುತ್ತದೆ. ಕನ್ನಡದ ಪ್ರತಿ ವ್ಯಂಜನ, ಪ್ರತಿ ಸ್ವರಚಿಹ್ನೆ, ‘ರ್’ ಥರದ ಅರ್ಧಾಕ್ಷರ ಮಾಡುವ ಪ್ರತಿ ಹಲಂತ ಚಿಹ್ನೆ ಜಾವಾಸ್ಕ್ರಿಪ್ಟಿಗೆ 1, ಬೈಟ್‌ನಲ್ಲಿ 3.

‘ಮೈಸೂರು ದಸರಾ’ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು ವಿಳಾಸ ಹಾಕಿ. ಇಂಡೆಕ್ಸ್‌ಆಫ್ 12 ಎನ್ನುತ್ತದೆ. ಫ್ಯಾಸೆಟ್ಟಿಗೆ ಬೇಕಾದ ಆರಂಭದ ಜಾಗ, ಅಂದರೆ ನಿಜವಾದ ಬೈಟ್‌ಸ್ಟಾರ್ಟ್ 32: ಹತ್ತು ಚಿಹ್ನೆಗೆ ಮೂವತ್ತು, ಎರಡು ಸ್ಪೇಸಿಗೆ ಎರಡು. 12 ಎಂದೇ ಕಳಿಸಿದರೆ ‘ಮೈಸೂ’ ಮುಗಿದು ‘ರು’ ಇಂದ ಲಿಂಕ್ ಶುರು. ಒತ್ತಿದರೆ ಮಾತ್ರ ಸರಿಯಾದ ಪುಟಕ್ಕೇ ಹೋಗುತ್ತದೆ, ಏಕೆಂದರೆ ವಿಳಾಸ ಫ್ಯಾಸೆಟ್ಟಿನೊಳಗೆ ಪ್ರತ್ಯೇಕವಾಗಿದೆ. ಹಾಗಾಗಿ ಒತ್ತಿ ನೋಡಿದವರು ‘ಸರಿಯಿದೆ’ ಎಂದು ಎದ್ದುಬಿಡುತ್ತಾರೆ. ಒತ್ತಿ ನೋಡಿದರೆ ಸಾಲದು, ಕಣ್ಣಿಟ್ಟು ನೋಡಬೇಕು.

ಬ್ಲೂಸ್ಕೈಯ ಎಟಿಪ್ರೋಟೋ ಲೈಬ್ರರಿಯಲ್ಲೇ ಇದಕ್ಕೆಂದು ರಿಚ್‌ಟೆಕ್ಸ್ಟ್ ಇದೆ. ಪಠ್ಯ ಕೊಟ್ಟು ಡಿಟೆಕ್ಟ್‌ಫ್ಯಾಸೆಟ್ಸ್ ಕರೆದರೆ ಬೈಟ್ ಲೆಕ್ಕ ಅದೇ ಹಾಕುತ್ತದೆ. ಆ ಕರೆಯ ಮುಂದೆ ಅವೇಯ್ಟ್ (ಮುಗಿಯುವವರೆಗೆ ಕಾಯಬೇಕೆಂಬ ಸೂಚನೆ) ಹಾಕಲು ಮರೆಯಬೇಡಿ. ಹ್ಯಾಂಡಲ್‌ಗೆ ಡಿಐಡಿ (ಖಾತೆಯ ಶಾಶ್ವತ ಗುರುತು) ಹುಡುಕಿ ತರುವುದು ಅದರೊಳಗೇ ನಡೆಯುತ್ತದೆ, ಕಾಯದೆ ಪೋಸ್ಟ್ ಮಾಡಿದರೆ ಮೆನ್ಷನ್ ಕೆಡುತ್ತದೆ. ‘ಇಲ್ಲಿ ನೋಡಿ’ ಎಂಬಂಥ ಪದಕ್ಕೇ ಲಿಂಕ್ ಕೊಡಬೇಕೆಂದರೆ ಲೆಕ್ಕ ನಿಮ್ಮದೇ: ಆ ಪದಕ್ಕಿಂತ ಮುಂಚಿನ ಭಾಗವನ್ನು, ಪಠ್ಯವನ್ನು ಬೈಟ್ ಮಾಡಿಕೊಡುವ ಟೆಕ್ಸ್ಟ್‌ಎನ್‌ಕೋಡರ್‌ಗೆ ಕೊಟ್ಟು, ಬಂದದ್ದರ ಉದ್ದ ತೆಗೆದುಕೊಳ್ಳಿ. ಪಠ್ಯವನ್ನು ಎನ್ಎಫ್‌ಸಿಗೆ (ಬಿಡಿ ಕೋಡುಗಳನ್ನು ಒಂದಾಗಿಸುವ ಯುನಿಕೋಡ್ ರೂಪ) ತರುವುದಿದ್ದರೆ ಎಣಿಸುವ ಮೊದಲೇ ತನ್ನಿ. ಕೊ, ಕೋ ಇವುಗಳ ಸ್ವರಚಿಹ್ನೆ ಒಂದೇ ಕೋಡಾಗಿಯೂ ಇರಬಹುದು, ಬಿಡಿಬಿಡಿಯಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ.

ಕಣ್ಣಿಗೆ ಬೀಳದ್ದು ಇನ್ನೊಂದಿದೆ. ‘ಕೆಆರ್‌ಎಸ್’ ಎಂದು ಬರೆಯುವಾಗ ‘ರ್’ ಆದ ಮೇಲೆ ಬಹಳ ಮಂದಿ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ, ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ ಕಾಣದ ಚಿಹ್ನೆ ಹಾಕಿರುತ್ತಾರೆ. ಅದಕ್ಕೂ 3 ಬೈಟ್. ಹ್ಯಾಶ್‌ಟ್ಯಾಗಿನಲ್ಲಿ ಅದು ಬಂದರೆ ಡಿಟೆಕ್ಟ್‌ಫ್ಯಾಸೆಟ್ಸ್ ಅಲ್ಲಿಗೇ ನಿಲ್ಲಿಸುತ್ತದೆ, ಟ್ಯಾಗ್ ‘ಕೆಆರ್’ ಆಗಿ ಉಳಿಯುತ್ತದೆ. #ಕನ್ನಂಬಾಡಿ ಎಂದರೆ ಆ ಕಾಟವೇ ಇಲ್ಲ, ಊರಿನ ಮಾತೂ ಅದೇ.

ಪೋಸ್ಟಿನ ಮಿತಿ 300 ಗ್ರಾಫೀಮ್ (ಯುನಿಕೋಡ್ ಒಂದಕ್ಷರವೆಂದು ಎಣಿಸುವ ಗುಂಪು), ಜತೆಗೆ 3000 ಬೈಟ್. ಜಾವಾಸ್ಕ್ರಿಪ್ಟಿನ ಲೆಂಗ್ತ್ ನೋಡಿ 300ಕ್ಕೆ ಕತ್ತರಿಸಿದರೆ ಬರೆಯಬಹುದಾದ್ದರಲ್ಲಿ ಎಷ್ಟೋ ಭಾಗ ವ್ಯರ್ಥ, ಕೊನೆಯಲ್ಲಿ ಒತ್ತು ಕಳೆದುಕೊಂಡ ಅಕ್ಷರ ಬೇರೆ. ‘ಮಂಡ್ಯ’ ಕಣ್ಣಿಗೆ ಎರಡಕ್ಷರ. ಲೆಂಗ್ತ್ 5, ಬೈಟ್ 15, ಗ್ರಾಫೀಮ್ 3. ‘ಡ್ಯ’ವನ್ನು ‘ಡ್’ ಮತ್ತು ‘ಯ’ ಎಂದು ಎರಡಾಗಿ ಎಣಿಸುವುದೇ ಇದಕ್ಕೆ ಕಾರಣ. ಯುನಿಕೋಡ್ ನಿಯಮ ಮುಂದೆ ಬದಲಾಗಬಹುದು. ಸಂಖ್ಯೆಯನ್ನು ಬಾಯಿಪಾಠ ಮಾಡದೆ ರಿಚ್‌ಟೆಕ್ಸ್ಟಿನ ಗ್ರಾಫೀಮ್‌ಲೆಂಗ್ತ್ ಕೇಳಿ.

ಲಾಗಿನ್ ಬಗ್ಗೆ ಇಷ್ಟೇ: ಮುಖ್ಯ ಪಾಸ್‌ವರ್ಡ್ ಬೇಡ, ಪ್ರೋಗ್ರಾಂಗೆಂದೇ ಬೇರೆ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಿ. ಪ್ರತಿ ಪೋಸ್ಟಿಗೂ ಹೊಸದಾಗಿ ಲಾಗಿನ್ ಆಗಬೇಡಿ. 5 ನಿಮಿಷಕ್ಕೆ 30, ದಿನಕ್ಕೆ 300 ಎಂಬ ಮಿತಿ ಇದೆ. ಸೆಷನ್ ಉಳಿಸಿಕೊಂಡು ರೆಸ್ಯೂಮ್‌ಸೆಷನ್ ಬಳಸಿ. ಮತ್ತೆ, ಪೋಸ್ಟಿನ ಲ್ಯಾಂಗ್ಸ್ ಜಾಗದಲ್ಲಿ ಕನ್ನಡದ ಸಂಕೇತವಾದ ‘ಕೆಎನ್’ (kn) ತುಂಬಲು ಮರೆಯಬೇಡಿ. ಕನ್ನಡ ಪೋಸ್ಟುಗಳನ್ನಷ್ಟೇ ಆರಿಸಿ ಓದುವವರಿಗೆ ನಿಮ್ಮದು ಸಿಗುವುದು ಅದರಿಂದ.