ಆಪರೇಷನ್ನಿಗೆ ಹೊರಡುವ ಮೊದಲು ಒಂದು ಊಟದ ಚೀಟಿ

ಬೆಳಿಗ್ಗೆ ಎಂಟಕ್ಕೆ ಹರ್ನಿಯಾ ಆಪರೇಷನ್. ಸಿದ್ದಾಪುರ ಕಡೆಯ ಹಿರಿಯರು. ರಾತ್ರಿಯಿಂದ ಖಾಲಿ ಹೊಟ್ಟೆ ಎಂದು ಫೈಲಿನಲ್ಲಿ ಬರೆದಿತ್ತು. ಅರಿವಳಿಕೆ ಡಾಕ್ಟರು ಕೊನೆಗೊಮ್ಮೆ ಕೇಳಿದರು: "ಬೆಳಿಗ್ಗೆ ಏನಾದ್ರೂ ತಗೊಂಡ್ರಾ ಹೆಗಡೇರೆ?"

"ಎಂತದೂ ಇಲ್ಲ. ಚಾ ಸಹಿತ ಕುಡೀಲಿಲ್ಲ. ಕಷಾಯ ಒಂದೇ."

ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಕಷಾಯ ಎಂದರೆ ಹುರಿದ ಕೊತ್ತಂಬರಿ-ಜೀರಿಗೆ ಪುಡಿ, ಬೆಲ್ಲ, ಮೇಲೆ ಧಾರಾಳ ಹಾಲು. ಅದೂ ದೊಡ್ಡ ಲೋಟದ ತುಂಬ. ಅವರು ಸುಳ್ಳು ಹೇಳಿರಲಿಲ್ಲ. ಕಷಾಯ ಅವರ ಲೆಕ್ಕದಲ್ಲಿ ಆಹಾರವೇ ಅಲ್ಲ. ಆಪರೇಷನ್ ಮಧ್ಯಾಹ್ನದ ಮೇಲಕ್ಕೆ ಹೋಯಿತು.

ಆಹಾರ ತಜ್ಞೆಯಾಗಿ ವಾರ್ಡುಗಳಲ್ಲಿ ಓಡಾಡುವ ನನಗೆ ಇಂಥದ್ದು ಹೊಸತಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಆಸ್ಪತ್ರೆಗೆ ಗೊತ್ತಿರುವುದಿಲ್ಲ. ಹೇಳಬೇಕು ಎಂದು ರೋಗಿಗೆ ಹೊಳೆಯುವುದಿಲ್ಲ, ಯಾವ ಮಾತಿನಲ್ಲಿ ಕೇಳಬೇಕು ಎಂದು ನಮಗೆ ಹೊಳೆಯುವುದಿಲ್ಲ.

ಉಪವಾಸದ ವಿಷಯ ಮೊದಲು ಮುಗಿಸುತ್ತೇನೆ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಈ ಬಿಗಿ. ಅರಿವಳಿಕೆಗೆ ಎಷ್ಟು ತಾಸು ಮೊದಲು ನಿಲ್ಲಿಸಬೇಕು ಎಂಬುದಕ್ಕೆ ಸಾಮಾನ್ಯ ನಿಯಮ ಇಷ್ಟು: ಕರಿದದ್ದು, ಮಾಂಸ, ಎಣ್ಣೆ-ತುಪ್ಪದ ಊಟಕ್ಕೆ 8 ಗಂಟೆ. ಇಡ್ಲಿಯಂಥ ಹಗುರ ತಿಂಡಿಗೆ 6 ಗಂಟೆ. ಹಾಲಿಗೂ 6 ಗಂಟೆಯೇ, ಅಂದರೆ ಹಾಲು ಹಾಕಿದ ಚಾ, ಕಾಫಿ, ಕಷಾಯ ಎಲ್ಲಕ್ಕೂ. ನೀರಿಗೆ 2 ಗಂಟೆ. ಗಂಜಿ ತಿಳಿಯಾಗಿ ಕಂಡರೂ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಡಾಕ್ಟರು ಬೇರೆ ಸಮಯ ಹೇಳಿದರೆ ಅದೇ ಅಂತಿಮ. ಸಕ್ಕರೆ ಕಾಯಿಲೆಯವರು ಆ ದಿನದ ಮಾತ್ರೆ, ಇನ್ಸುಲಿನ್ ಏನು ಮಾಡಬೇಕೆಂದು ವಾರ ಮುಂಚೆಯೇ ಕೇಳಿಕೊಳ್ಳಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರದ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸುತ್ತಾರೆ. ಹಿಂದಿನ ರಾತ್ರಿ ನೆನಪಾದರೆ ಪ್ರಯೋಜನ ಇಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇನ್ನೊಂದು ತೊಡಕು ಇದೆ. ದೊಡ್ಡ ಆಪರೇಷನ್ ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ. ಕಾರವಾರದಿಂದ ಮಣಿಪಾಲಕ್ಕೆ ಸುಮಾರು 200 ಕಿಲೋಮೀಟರ್. ಬೆಳಗಿನ ಜಾವ ಹೊರಟವರು ದಾರಿಯಲ್ಲಿ ಹೊನ್ನಾವರದಲ್ಲೋ ಭಟ್ಕಳದಲ್ಲೋ ಇಳಿದು ಬನ್ಸು, ಚಾ ಮುಗಿಸಿಯೇ ಮುಂದೆ ಹೋಗುವುದು. ಡ್ರೈವರನಿಗೂ ಸೇರಿಸಿ ಎಲ್ಲರಿಗೂ ಉಪವಾಸದ ಸಮಯ ಮೊದಲೇ ಹೇಳಿಡಿ. ಅಷ್ಟು ದೂರಕ್ಕೆ ಮನೆಯ ಬುತ್ತಿ ದಿನಾ ಬರುವುದೂ ಇಲ್ಲ. ಅಲ್ಲಿಯ ಅಡುಗೆಮನೆಯೇ ಗತಿ.

ಅದಕ್ಕೇ ನಾನು ಚೀಟಿ ಬರೆಸುತ್ತೇನೆ. ಒಂದು ಹಾಳೆ, ನಡುವೆ ಗೆರೆ. ಒಂದು ಕಡೆ "ತಿನ್ನಬಾರದು", ಇನ್ನೊಂದು ಕಡೆ "ತಿನ್ನುವುದಿಲ್ಲ". ಶೆಟ್ಲಿ (ಸಿಗಡಿ) ತಿಂದರೆ ಮೈ ದದ್ದೇಳುತ್ತದೆ, ಉಸಿರು ಕಟ್ಟುತ್ತದೆ ಎಂಬುದು ಮೊದಲನೆಯದು. ಈರುಳ್ಳಿ-ಬೆಳ್ಳುಳ್ಳಿ ಬೇಡ, ಗೆಡ್ಡೆ ಬೇಡ, ಹಲಾಲ್ ಅಲ್ಲದ ಮಾಂಸ ಬೇಡ ಎಂಬುದು ಎರಡನೆಯದು. ಮೊದಲನೆಯದು ತಪ್ಪಿದರೆ ಅಪಾಯ ಎಂದು ಎಲ್ಲರೂ ಒಪ್ಪುತ್ತಾರೆ. ಎರಡನೆಯದನ್ನು ಹೇಳಲು ನಮ್ಮ ಜನರಿಗೆ ಸಂಕೋಚ. "ಅವರಿಗ್ಯಾಕೆ ತ್ರಾಸು" ಎಂದು ಸುಮ್ಮನಿದ್ದು, ಬಂದ ತಟ್ಟೆಯನ್ನು ಹಾಗೇ ವಾಪಸು ಕಳಿಸಿ, ಮೂರು ದಿನ ಬಾಳೆಹಣ್ಣಿನಲ್ಲಿ ಕಳೆದ ಅಜ್ಜಿಯರನ್ನು ನೋಡಿದ್ದೇನೆ. ಆಪರೇಷನ್ ಆದ ಮೈಗೆ ಅದೂ ಅಪಾಯವೇ. ಎರಡೂ ಕಡೆ ಬರೆಯಿರಿ. ಭರ್ತಿಯಾದ ದಿನವೇ ಒಂದು ಪ್ರತಿ ಫೈಲಿಗೆ, ಒಂದು ಪ್ರತಿ ಅಡುಗೆಮನೆಗೆ ಕೊಡಿ. ಬಾಯಿಮಾತು ನರ್ಸಮ್ಮನ ಪಾಳಿ ಮುಗಿಯುವವರೆಗೆ ಮಾತ್ರ.

ಚೀಟಿಯಲ್ಲಿ ಎಷ್ಟು ಬಿಡಿಸಿ ಬರೆಯಬೇಕು ಎಂಬುದನ್ನು ನನಗೆ ಕಲಿಸಿದವಳು ಸೀಲಿಯಾಕ್ ಕಾಯಿಲೆಯ ಒಬ್ಬ ಕಾಲೇಜು ಹುಡುಗಿ. ಗೋಧಿಯಲ್ಲಿರುವ ಗ್ಲುಟೆನ್ ಅವಳ ಸಣ್ಣ ಕರುಳಿಗೆ ಆಗುವುದಿಲ್ಲ. ಅಪೆಂಡಿಕ್ಸ್ ತೆಗೆದಿದ್ದರು. ಆಪರೇಷನ್ ಆದವರಿಗೆ ಮೆತ್ತಗಿರಲಿ ಎಂದು ಕೊಡುವ ರವೆ ಗಂಜಿ ನಿಲ್ಲಿಸಿ, ಅನ್ನ-ಸಾರು ಬರೆಸಿದ್ದೆ. ಮೂರನೇ ದಿನ ಹೊಟ್ಟೆ ಉಬ್ಬರ, ಭೇದಿ. ಅಡುಗೆಮನೆಗೆ ಹೋಗಿ ಸಾರಿಗೆ ಬಿದ್ದದ್ದನ್ನೆಲ್ಲ ಒಂದೊಂದಾಗಿ ಕೇಳುತ್ತ ಬಂದೆ. ಭಟ್ಟರು ಇಂಗಿನ ಡಬ್ಬಿ ತೆಗೆದು ಕೈಗೆ ಕೊಟ್ಟರು. ಹಿಂಬದಿಯಲ್ಲಿ ಸಣ್ಣ ಅಕ್ಷರ: ಗೋಧಿ ಹಿಟ್ಟು. ಅಂಗಡಿಯಲ್ಲಿ ಸಿಗುವ ಇಂಗಿನಲ್ಲಿ ಬಹುಪಾಲು ಹಿಟ್ಟು, ಗೋಂದು ಬೆರೆತದ್ದೇ. ರವೆ ನೆನಪಾಗಿತ್ತು, ಇಂಗು ನೆನಪಾಗಿರಲಿಲ್ಲ, ತಪ್ಪು ನನ್ನದು. ಅಂದಿನಿಂದ "ಗೋಧಿ ಬೇಡ" ಎಂದಷ್ಟೇ ಬರೆಸುವುದಿಲ್ಲ. ರವೆ, ಮೈದಾ, ಶ್ಯಾವಿಗೆ, ಬಿಸ್ಕೀಟು, ಬ್ರೆಡ್ಡು, ಇಂಗು ಎಂದು ಒಂದೊಂದನ್ನೂ ಬರೆಸುತ್ತೇನೆ.

ನೋಡಲು ಬರುವ ನೆಂಟರಿಗೂ ಚೀಟಿ ತೋರಿಸಿ. ಕರಾವಳಿಯಲ್ಲಿ ಆಸ್ಪತ್ರೆಗೆ ಬರಿಗೈಲಿ ಯಾರೂ ಬರುವುದಿಲ್ಲ, ಎಳನೀರು ಬಂದೇ ಬರುತ್ತದೆ. ಕಿಡ್ನಿ ಸೋತವರಿಗೆ ಅದೇ ಕಂಟಕ. ಒಂದು ಎಳನೀರಿನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಪೊಟ್ಯಾಸಿಯಂ ಇರಬಹುದು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಇನ್ನು ನಂಜು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಅಂಕೋಲಾ ಕಡೆಯ ಅಮ್ಮ ಒಬ್ಬರು, ಗರ್ಭಕೋಶ ತೆಗೆದು ಇಪ್ಪತ್ತು ದಿನ ಕಳೆದರೂ ಗಾಯ ಕೂಡುತ್ತಿರಲಿಲ್ಲ. ಸಕ್ಕರೆ ಇಲ್ಲ, ಸೋಂಕೂ ಕಾಣಲಿಲ್ಲ. ಏನು ಉಣ್ಣುತ್ತಿದ್ದೀರಿ ಎಂದೆ. ಕುಚ್ಚಲಕ್ಕಿ ಗಂಜಿ, ಉಪ್ಪು, ಉಪ್ಪಿನಕಾಯಿ ರಸ. ಮೂರು ಹೊತ್ತೂ ಅದೇ. ಮೀನು? "ಛೆ, ನಂಜಾಗ್ತದೆ ತಂಗೀ, ಕೀವು ತುಂಬ್ತದೆ." ಮೊಟ್ಟೆ, ಬೇಳೆ, ಬದನೆ ಎಲ್ಲಕ್ಕೂ ಅದೇ ಉತ್ತರ.

ಗಾಯ ಕೂಡಲು ಪ್ರೋಟೀನು ಬೇಕು. ಆಪರೇಷನ್ ಆದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಎಂದು ಹಿಡಿಯುತ್ತೇವೆ. ಆ ಅಮ್ಮನ ತೂಕ 50 ಕಿಲೋ, ಅಂದರೆ 60ರಿಂದ 75 ಗ್ರಾಂ. ಒಂದು ಬಟ್ಟಲು ಗಂಜಿಯಲ್ಲಿ ಸಿಗುವುದು 3 ಗ್ರಾಂ ಆಸುಪಾಸು. ಮೀನಿನಿಂದ ಕೀವು ಆಗುವುದಿಲ್ಲ, ಕೀವು ಆಗುವುದು ರೋಗಾಣುಗಳಿಂದ. ಆದರೆ ಅರವತ್ತು ವರ್ಷ ನಂಬಿದ್ದನ್ನು ನಾನು ಐದು ನಿಮಿಷದಲ್ಲಿ ಅಲ್ಲಗಳೆದರೆ ಅವರು ತಲೆಯಾಡಿಸಿ ಮನೆಗೆ ಹೋಗಿ ಮತ್ತೆ ಗಂಜಿಯನ್ನೇ ಉಣ್ಣುತ್ತಾರೆ. ಹಾಗಾಗಿ ವಾದಕ್ಕೆ ಇಳಿಯಲಿಲ್ಲ. "ಬಂಗುಡೆ ಬೇಡ ಬಿಡಿ ಅಮ್ಮ. ಬಾಣಂತಿಗೆ ಯಾವ ಮೀನು ಕೊಡ್ತೀರಿ?" ಎಂದು ಕೇಳಿದೆ.

"ನೊಗ್ಲಿ ಆಗ್ತದೆ. ಅದು ತಂಪು."

ಹಾಗಾದರೆ ನೊಗ್ಲಿಯೇ ಆಗಲಿ. ಖಾರ ಕಡಿಮೆ ಮಾಡಿ ಸಾರು, ದಿನಕ್ಕೆ ನೂರು ಗ್ರಾಂ ಮೀನು ಎಂದರೆ 20 ಗ್ರಾಂ ಹತ್ತಿರ ಬಂತು. ಹೆಸರುಬೇಳೆ ತೊವ್ವೆ ತಂಪು ಎಂದು ಅವರೇ ಒಪ್ಪಿದರು. ಎರಡು ಲೋಟ ಹಾಲು, ಊಟಕ್ಕೆ ಮೊಸರು. ಮೊಟ್ಟೆಗೆ ಮಾತ್ರ ಒಪ್ಪಲಿಲ್ಲ, ನಾನೂ ಬಲವಂತ ಮಾಡಲಿಲ್ಲ. ಬದಲಿಗೆ ಇನ್ನೊಂದು ಸೌಟು ತೊವ್ವೆ ಸೇರಿಸಿದೆವು. ಮೀನು ತಿನ್ನದ ಮನೆಗಳಲ್ಲೂ ಇದೇ ದಾರಿ: ಹೆಸರುಕಾಳು, ಹಾಲು, ಗಟ್ಟಿ ಮೊಸರು, ಪನೀರು. ಒಂದೆಲಗದ ತಂಬುಳಿ ಮಾಡಿದರೂ ಮಜ್ಜಿಗೆಯ ಬದಲು ಮೊಸರು ಹಾಕಿ.

ಆ ಅಮ್ಮ ಎರಡು ವಾರ ಬಿಟ್ಟು ಡ್ರೆಸ್ಸಿಂಗಿಗೆ ಬಂದಾಗ ಗಾಯದ ಅಂಚು ಕೆಂಪಗೆ ಕೂಡುತ್ತ ಬಂದಿತ್ತು. ಪಟ್ಟಿ ಕಟ್ಟುವಾಗ ಮೆಲ್ಲಗೆ ಕೇಳಿದರು, "ಬಂಗುಡೆ ಯಾವಾಗಿಂದ ತಿನ್ಲಕ್ಕು?"